ಒಂದೇ ಕಂಪ್ಯೂಟರು, ಮೂರು ತಲೆಮಾರು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಮನೆಮಂದಿಗೆಲ್ಲ ಕಲಿಸಲು ಹೊರಟವರಿಗೆ ಈ ಟಿಪ್ಪಣಿ. ಮಿಂಟ್‌ನ ಸಿನಮನ್ ಆವೃತ್ತಿಯಲ್ಲಿ ಮೆನು ಎಡಗಡೆಯ ಕೆಳಮೂಲೆಯಲ್ಲೇ ಇರುವುದರಿಂದ, ವಿಂಡೋಸಿಗೆ ಒಗ್ಗಿದವರು ಹೆಚ್ಚು ತಡಕಾಡುವುದಿಲ್ಲ. ಮೊದಲು ಅದನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ವೈಫೈ ಮತ್ತು ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ನೋಡಿ, ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟ ಮೇಲಷ್ಟೇ ಡಿಸ್ಕಿಗೆ ಕೈ ಹಾಕಬೇಕು.

ಕಚೇರಿಯಲ್ಲಿ ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ನಿವೃತ್ತರಾದ ಹಿರಿಯರಿಗೆ ಮೌಸ್ ಹಿಡಿಯುವುದರಿಂದ ಪಾಠ ಶುರು ಮಾಡುವುದು ಅವರ ವಿದ್ಯೆಗೆ ಮಾಡುವ ಅವಮಾನ ಎಂದು ನನ್ನ ಅನಿಸಿಕೆ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ನುಡಿಯಲ್ಲಿ ಅವರಿಗೆ ರೂಢಿಯಾದ ಕನ್ನಡದ ‘ಕಗಪ’ ಕೀಲಿ ವಿನ್ಯಾಸವನ್ನು ಸೇರಿಸಿ, ಖಾಲಿ ಪುಟ ತೆರೆದು ಸುಮ್ಮನೆ ಪಕ್ಕಕ್ಕೆ ಕುಳಿತುಕೊಳ್ಳಿ. ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿಗಳನ್ನು ಅವರು ಯೋಚಿಸದೆ ಒತ್ತಿ, ಪರದೆಯ ಮೇಲೆ ‘ಅಕ್ಕ’ ಮೂಡಿದ ಕ್ಷಣಕ್ಕೆ ಅರ್ಧ ಅಂಜಿಕೆ ಕಳೆದಿರುತ್ತದೆ. ನುಡಿಯ ಹಳೆಯ ಕಡತಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳಬಹುದು. ಅವು ಫಾಂಟನ್ನು ನೆಚ್ಚಿ ಬರೆದವು, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರಸಂಕೇತದಲ್ಲಿ ಅಲ್ಲ. ಹಿರಿಯರು ಗಾಬರಿಯಾಗುವ ಮೊದಲೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿಡಿ.

ಫೋನಿನಲ್ಲೇ ಬೆಳೆದ ಮಕ್ಕಳ ತೊಡಕು ಬೇರೆ. ಅವರ ಬೆರಳು ಚುರುಕು, ಆದರೆ ಕಡತವೊಂದು ಎಲ್ಲಿದೆ ಎಂಬ ಪ್ರಶ್ನೆಯೇ ಅವರಿಗೆ ಹೊಸದು, ಏಕೆಂದರೆ ಫೋನಿನ ಆ್ಯಪ್‌ಗಳು ಆ ವಿಷಯವನ್ನು ಬಹುಮಟ್ಟಿಗೆ ಮುಚ್ಚಿಡುತ್ತವೆ. ‘ಶಾಲೆ’ ಎಂಬ ಫೋಲ್ಡರನ್ನೂ ಅದರೊಳಗೆ ‘ವಿಜ್ಞಾನ’ ಎಂಬುದನ್ನೂ ಅವರಿಂದಲೇ ಮಾಡಿಸಿ, ಪುಟವೊಂದನ್ನು ಅಲ್ಲಿ ಉಳಿಸಿ ಮುಚ್ಚಿಸಿ, ಮರುದಿನ ಹುಡುಕಿ ತೆಗೆಯಲು ಹೇಳಿ. ಇತ್ತೀಚಿನ ಕಡತಗಳ ಪಟ್ಟಿಯನ್ನು ನೋಡಲು ಬಿಡಬೇಡಿ; ಅದು ಎದುರಿಗಿದ್ದರೆ ದಾರಿ ಕಲಿಯುವ ಗೋಜಿಗೆ ಯಾರೂ ಹೋಗುವುದಿಲ್ಲ. ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಅಜ್ಜನಿಗೆ ಈ ಮರದಂತಹ ರಚನೆ ಕರತಲಾಮಲಕವಾದ್ದರಿಂದ ಈ ಪಾಠವನ್ನು ಅವರಿಗೇ ಒಪ್ಪಿಸಬಹುದು, ಆದರೆ ಇಲ್ಲಿ ಸಿ ಡ್ರೈವ್ ಇಲ್ಲ ಎಂಬುದನ್ನು ಮೊದಲೇ ತಿಳಿಸಿ.

ನಡುವಿನ ತಲೆಮಾರಿನವರಾದ ನಮಗೆ ತಾಳ್ಮೆ ಕಡಿಮೆ: ಕಲಿಯುವವರ ಕೈಯಿಂದ ಮೌಸ್ ಕಿತ್ತುಕೊಳ್ಳುತ್ತೇವೆ. ಬಾಯಲ್ಲಿ ಹೇಳಿ, ತಪ್ಪು ಮಾಡಲು ಬಿಡಿ. ಅದಕ್ಕೆಂದೇ ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆದು, ಟೈಮ್‌ಶಿಫ್ಟ್ ಎಂಬ ಮಿಂಟ್‌ನ ಸಲಕರಣೆಯಲ್ಲಿ ವ್ಯವಸ್ಥೆಯ ಒಂದು ನಕಲನ್ನು ತೆಗೆದಿಟ್ಟಿರಿ. ಅದು ವಾಡಿಕೆಯಂತೆ ಆಪರೇಟಿಂಗ್ ಸಿಸ್ಟಂ ಅನ್ನಷ್ಟೇ ಹಿಂದಿನ ಸ್ಥಿತಿಗೆ ತರುತ್ತದೆ. ಅಜ್ಜನ ಪತ್ರಗಳಿಗೆ ಪೆನ್‌ಡ್ರೈವ್‌ನಲ್ಲಿ ಬೇರೆಯೇ ನಕಲು ಬೇಕು.