ಮದುವೆ ಡಿಸ್ಕಿನಿಂದ ಎಡಿಟ್ ಮಾಡಬಲ್ಲ ಫೈಲ್: ನಾನು ಅನುಸರಿಸುವ ಕ್ರಮ

ಹಳೆಯ ಮದುವೆ, ಗೃಹಪ್ರವೇಶದ ಡಿಸ್ಕ್ ಕೈಗೆ ಬಂದಾಗ ಕವರಿನ ಮೇಲಿನ ಬರಹ ಬಿಟ್ಟು ಒಳಗಿನ ಫೋಲ್ಡರ್ ನೋಡುತ್ತೇನೆ. ‘ವಿಡಿಯೋ_ಟಿಎಸ್’ ಇದ್ದರೆ ಡಿವಿಡಿ, ‘ಎಂಪೆಗ್‌ಎವಿ’ ಇದ್ದರೆ ವಿಸಿಡಿ. ಇವೆರಡರ ದಾರಿಯೇ ಬೇರೆ.

ಒರೆಸುವುದು ಮೆತ್ತನೆಯ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ, ಓದಲು ಅದೇ ಹೆಚ್ಚು ಕಷ್ಟ. ವಿಸಿಡಿಯಲ್ಲಿ ಹೆಸರು ಬರೆಯುವ ಮೇಲ್ಭಾಗವೇ ಹೆಚ್ಚು ನಾಜೂಕು. ಅಲ್ಲಿನ ಪದರ ಕಿತ್ತುಬಂದರೆ ಯಾವ ಪಾಲಿಶ್‌ನಿಂದಲೂ ಪ್ರಯೋಜನವಿಲ್ಲ.

ಡಿಸ್ಕಿನಿಂದ ನೇರವಾಗಿ ಕನ್ವರ್ಟ್ ಮಾಡಲೇಬೇಡಿ. ಮೊದಲು ಪೂರ್ತಿ ಡಿವಿಡಿಯ ಐಎಸ್‌ಒ, ಅಂದರೆ ಇಡೀ ಡಿಸ್ಕಿನ ಯಥಾಪ್ರತಿಯಾದ ಒಂದೇ ಫೈಲ್, ತೆಗೆಯಿರಿ. ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಲಿನಕ್ಸ್‌ನ ಡಿಡಿರೆಸ್ಕ್ಯೂ ತಂತ್ರಾಂಶ ಇದಕ್ಕೆ ನನ್ನ ಮೊದಲ ಆಯ್ಕೆ. ಬ್ಲಾಕ್ ಗಾತ್ರ 2048 ಬೈಟ್ (ಡಿಸ್ಕಿನ ಒಂದು ಸೆಕ್ಟರ್, ಅಂದರೆ ಡೇಟಾದ ಒಂದು ತುಣುಕು) ಇಟ್ಟು ಮೊದಲ ಸುತ್ತಿನಲ್ಲಿ ಚೆನ್ನಾಗಿರುವ ಭಾಗವನ್ನಷ್ಟೇ ಎತ್ತಿಕೊಳ್ಳುತ್ತೇನೆ. ಕೆಟ್ಟ ಜಾಗಗಳಿಗೆ ಆಮೇಲೆ ಮೂರು ಮರುಪ್ರಯತ್ನ. ಯಾವ ಭಾಗ ಓದಿಯಾಯಿತೆಂದು ಅದು ಬರೆಯುವ ಮ್ಯಾಪ್ ಫೈಲನ್ನು ಅಳಿಸಬಾರದು. ಅದೇ ಮ್ಯಾಪ್ ಕೊಟ್ಟು ಇನ್ನೊಂದು ಡ್ರೈವ್‌ನಲ್ಲಿ ಮುಂದುವರಿಸಬಹುದು. ಒಂದು ಡ್ರೈವ್ ಕೈಬಿಟ್ಟ ಸೆಕ್ಟರನ್ನು ಮತ್ತೊಂದು ಓದುವುದುಂಟು.

ವಿಸಿಡಿಗೆ ಈ ಉಪಾಯ ನಡೆಯದು. ಅದರ ವಿಡಿಯೋ ಸೆಕ್ಟರ್‌ನಲ್ಲಿ 2048ರ ಬದಲು 2324 ಬೈಟ್ ಇರುತ್ತದೆ. ವಿಸಿಡಿಎಕ್ಸ್‌ರಿಪ್ ಎಂಬ ತಂತ್ರಾಂಶದಿಂದ ನೇರ ಎಂಪಿಜಿ ವಿಡಿಯೋ ಫೈಲ್ ತೆಗೆಯುತ್ತೇನೆ. ಚಿತ್ರ 352×288 ಪಿಕ್ಸೆಲ್, ಇಂಟರ್‌ಲೇಸ್ (ಒಂದು ಫ್ರೇಮಿನ ಗೆರೆಗಳನ್ನು ಎರಡು ಪಾಲು ಮಾಡಿ ತೋರಿಸುವುದು) ಇಲ್ಲ, ಹಾಗಾಗಿ ಮುಂದಿನ ತಲೆನೋವೂ ಇಲ್ಲ.

ಡಿವಿಡಿಯಲ್ಲಿ ವಿಡಿಯೋ 1 ಜಿಬಿಯ ವಿಒಬಿ ಎಂಬ ಫೈಲ್ ತುಂಡುಗಳಾಗಿ ಕೂತಿರುತ್ತದೆ. ಒಂದೊಂದನ್ನೇ ಕನ್ವರ್ಟ್ ಮಾಡಿದರೆ ಜೋಡಿಸುವ ಕಡೆ ಮಂತ್ರವೋ ನಾದಸ್ವರವೋ ತುಂಡಾಗುತ್ತದೆ. ಐಎಸ್‌ಒ ಅನ್ನು ಮೇಕ್‌ಎಂಕೆವಿ ತಂತ್ರಾಂಶಕ್ಕೆ ಕೊಟ್ಟರೆ ಗುಣಮಟ್ಟ ಕಳೆಯದೆ ಒಂದೇ ಎಂಕೆವಿ ವಿಡಿಯೋ ಫೈಲ್ ಬರುತ್ತದೆ. ಇದನ್ನು ಮೂಲಪ್ರತಿಯಾಗಿ ಇಟ್ಟುಕೊಳ್ಳಿ.

ಬಹಳಷ್ಟು ಜನ ಕೆಡಿಸಿಕೊಳ್ಳುವುದು ಮುಂದಿನ ಹಂತದಲ್ಲಿ. ಪಾಲ್ (ಭಾರತದ ಟಿವಿ ಮಾದರಿ) ಡಿವಿಡಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕ್ಷಣದ ಎರಡು ಫೀಲ್ಡ್ (ಒಂದರಲ್ಲಿ ಬೆಸ, ಇನ್ನೊಂದರಲ್ಲಿ ಸಮ ಗೆರೆಗಳು). ಹಾಗೇ ಬಿಟ್ಟರೆ ಅಕ್ಷತೆ ಹಾಕುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರ್‌ನಲ್ಲಿ ಡಿಇಂಟರ್‌ಲೇಸ್‌ಗೆ (ಫೀಲ್ಡ್‌ಗಳನ್ನು ಪೂರ್ಣ ಫ್ರೇಮ್ ಮಾಡುವುದಕ್ಕೆ) ಯಾಡಿಫ್, ಪ್ರೀಸೆಟ್ ಬಾಬ್ (ಪ್ರತಿ ಫೀಲ್ಡ್‌ಗೂ ಒಂದು ಫ್ರೇಮ್), ಫ್ರೇಮ್ ರೇಟ್ 50 ಇಡಿ. ಚಲನೆ ಟಿವಿಯಲ್ಲಿ ಕಂಡಷ್ಟೇ ನಯವಾಗಿ ಉಳಿಯುತ್ತದೆ. ಕೈ ಹಿಂದೆಮುಂದೆ ಅದುರಿದರೆ ಫೀಲ್ಡ್‌ಗಳ ಅನುಕ್ರಮ ತಪ್ಪಾಗಿ ದಾಖಲಾಗಿದೆ ಎಂದರ್ಥ. ಮಿನಿ ಡಿವಿ ಟೇಪ್ ಕ್ಯಾಮೆರಾದ್ದು ಕೆಳಗಿನ ಫೀಲ್ಡ್ ಮೊದಲು. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಅದನ್ನು ಕೈಯಾರೆ ಹೇಳಿ ಸರಿಪಡಿಸಬೇಕು. ಡಿಇಂಟರ್‌ಲೇಸ್ ಆಗುವ ಮುನ್ನ ಎತ್ತರ ಬದಲಿಸಿದರೆ ಫೀಲ್ಡ್‌ಗಳು ಕಲಸಿಹೋಗಿ ಮತ್ತೆ ಬಿಡಿಸಲಾಗದು.

720×576 ಅನ್ನು ಚೌಕ ಪಿಕ್ಸೆಲ್ ಎಂದು ಓದಿದರೆ ಮುಖಗಳು ಸಪೂರವಾಗುತ್ತವೆ. 4:3 ಚಿತ್ರವಾದರೆ 768×576, ಅಗಲಪರದೆಯದಾದರೆ 1024×576 ಮಾಡಿ. ವಿಡಿಯೋಗೆ ಎಚ್.264, ಗುಣಮಟ್ಟದ ಸೂಚಿ ಆರ್‌ಎಫ್ 18, ಧ್ವನಿಗೆ ಎಎಸಿ 192 ಕೆಬಿಪಿಎಸ್ ಸಾಕು. ಹೆಚ್ಚುವರಿ ಆಯ್ಕೆಯಲ್ಲಿ ಕೀಇಂಟ್ 25 (ಹೆಚ್ಚೆಂದರೆ 25 ಫ್ರೇಮಿಗೊಮ್ಮೆ ಒಂದು ಪೂರ್ಣ ಚಿತ್ರ) ಕೊಟ್ಟರೆ ಎಡಿಟಿಂಗ್‌ನಲ್ಲಿ ಟೈಮ್‌ಲೈನ್ ಎಳೆದಾಡುವಾಗ ತಡವರಿಸುವುದಿಲ್ಲ.

ಯೂಟ್ಯೂಬ್ 50 ಫ್ರೇಮ್ ತೋರಿಸುವುದು 720 ಗೆರೆ ಮತ್ತು ಅದಕ್ಕಿಂತ ಮೇಲೆ ಮಾತ್ರ. ಅದಕ್ಕೇ 4:3 ವಿಡಿಯೋವನ್ನು 1440×1080ಕ್ಕೆ ಹಿಗ್ಗಿಸಿ ಏರಿಸುತ್ತೇನೆ. ಮಿಕ್ಸಿಂಗ್‌ನಲ್ಲಿ ಸ್ಟುಡಿಯೋದವರು ಹಾಕಿದ ಸಿನಿಮಾ ಹಾಡಿಗೆ ಹಕ್ಕುಸ್ವಾಮ್ಯದ ಕ್ಲೇಮ್ ಬರುತ್ತದೆ. ಆ ಭಾಗದ ಧ್ವನಿಯನ್ನು ಮೊದಲೇ ಬದಲಿಸಿ. ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ, 2 ಜಿಬಿ ಒಳಗೆ; ವಿಡಿಯೋ ಎಂದು ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ.