ಹಂದಿಯ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಅಳೆಯುವುದು ಹೇಗೆ?

ತಿಂಗಳುಗಟ್ಟಲೆ ಹಾಗೇ ಉಳಿದ ಕಡಲೆಕಾಯಿ ಎಣ್ಣೆಯ ಡಬ್ಬಿ ತೆರೆದರೆ ಕಮಟು ವಾಸನೆ ಹೊಡೆಯುತ್ತದೆ ಅಲ್ವಾ? ಆಮ್ಲಜನಕ ತಾಗಿ ಎಣ್ಣೆ ಕೆಟ್ಟಿದೆ ಅಂತ ಅರ್ಥ. ಜೀವಂತ ಪ್ರಾಣಿಯ ಮೈಯಲ್ಲೂ ಇಂಥದ್ದೇ ನಡೆಯುತ್ತದೆ. ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಜಾಸ್ತಿಯಾಗಿ, ಅವನ್ನು ತಡೆಯುವ ಶಕ್ತಿ ಸಾಲದೆ ಹೋದರೆ ಜೀವಕೋಶದ ಕೊಬ್ಬು ಕೆಡುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಬೆವರಿ ಮೈ ತಂಪು ಮಾಡಿಕೊಳ್ಳಲು ಬಾರದ ಹಂದಿಗೆ ಬೇಸಿಗೆಯಲ್ಲಿ ಇದರ ಕಾಟ ಹೆಚ್ಚು. ಆಗ ತಾನೇ ಹಾಲು ಬಿಡಿಸಿದ ಮರಿಗಳಿಗೂ ಅಷ್ಟೇ.

ಮೊದಲು ಹಂದಿಗಳ ಆಯ್ಕೆ. ಪಶ್ಚಿಮ ಬಂಗಾಳದ ಘುಂಗ್ರೂ ತಳಿಯನ್ನು ಲಾರ್ಜ್ ವೈಟ್ ಯಾರ್ಕ್‌ಶೈರ್ ಜೊತೆ ಹೋಲಿಸುತ್ತೀರಿ ಅಂದುಕೊಳ್ಳಿ. ವಯಸ್ಸು, ಲಿಂಗ, ಮೇವು, ಕೊಟ್ಟಿಗೆ ಎಲ್ಲವೂ ಒಂದೇ ಆಗಿರಬೇಕು. ಇಲ್ಲದಿದ್ದರೆ ನೀವು ಅಳೆದದ್ದು ತಳಿಯ ಗುಣವನ್ನೋ ಮೇವಿನ ಗುಣವನ್ನೋ ಹೇಳಲಾಗುವುದಿಲ್ಲ. ಪ್ರಾಣಿ ಪ್ರಯೋಗಕ್ಕೆ ಬೇಕಾದ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಮುಂಚೆಯೇ ಪಡೆಯಿರಿ.

ಎರಡನೆಯದು ರಕ್ತ ತೆಗೆಯುವುದು. ಹೆಚ್ಚಿನ ಪ್ರಯೋಗಗಳು ಕೆಡುವುದೇ ಇಲ್ಲಿ. ಹಂದಿಯ ಕುತ್ತಿಗೆಯ ರಕ್ತನಾಳ ಕೊಬ್ಬಿನೊಳಗೆ ಅಡಗಿರುತ್ತದೆ, ದನದ ಹಾಗೆ ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ಪಳಗಿದ ಪಶುವೈದ್ಯರೇ ತೆಗೆಯಬೇಕು. ಬೆಳಿಗ್ಗೆ ಮೇವು ಹಾಕುವ ಮುಂಚೆ, ದಿನವೂ ಒಂದೇ ಹೊತ್ತಿಗೆ ತೆಗೆಯಿರಿ. ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ, ಆ ಗಾಬರಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪು ರಕ್ತಕಣ ಒಡೆಯುತ್ತವೆ.

ರಕ್ತವನ್ನು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿಗೆ ಹಾಕಿ, ಐಸ್‌ನಲ್ಲಿಟ್ಟು ಲ್ಯಾಬಿಗೆ ತಂದು, ಬೇಗನೆ ಸೆಂಟ್ರಿಫ್ಯೂಜ್ ಎಂಬ ಜೋರಾಗಿ ತಿರುಗುವ ಯಂತ್ರದಲ್ಲಿ ತಿರುಗಿಸಿ. ಈಗ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ನಿಂತ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿದ ದ್ರವ, ಒಣಹುಲ್ಲಿನ ಬಣ್ಣದಲ್ಲಿದ್ದರೆ ಸರಿ. ಕೆಂಪು ಛಾಯೆ ಕಂಡರೆ ಆ ಮಾದರಿಯನ್ನು ಬಿಟ್ಟುಬಿಡಿ. ಸೋರಿದ ಹಿಮೋಗ್ಲೋಬಿನ್‌ನ ಕಬ್ಬಿಣ ಟ್ಯೂಬಿನೊಳಗೇ ಕೊಬ್ಬನ್ನು ಕೆಡಿಸಲು ಶುರುಮಾಡುತ್ತದೆ, ಅದರ ಬಣ್ಣವೂ ಅಳತೆಗೆ ಅಡ್ಡಬರುತ್ತದೆ. ಅವತ್ತೇ ಪರೀಕ್ಷೆ ಮಾಡಲಾಗದಿದ್ದರೆ ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಬೇಡಿ.

ಇನ್ನು ಬಣ್ಣದ ಪರೀಕ್ಷೆ. ಕೊಬ್ಬು ಕೆಟ್ಟಾಗ ಮ್ಯಾಲೋನ್‌ಡೈಆಲ್ಡಿಹೈಡ್ ಎಂಬ ವಸ್ತು ಹುಟ್ಟುತ್ತದೆ. ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿ ಪ್ಲಾಸ್ಮಾದ ಪ್ರೋಟೀನನ್ನು ತಳಕ್ಕಿಳಿಸಿ, ಮೇಲಿನ ತಿಳಿಗೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿ. ಸುಮಾರು 95 ಡಿಗ್ರಿ ನೀರಿನಲ್ಲಿಟ್ಟು ಕಾಯಿಸಿದರೆ ತಿಳಿಗುಲಾಬಿ ಬಣ್ಣ ಏರುತ್ತದೆ. ಕಾಯಿಸುವಾಗಲೇ ಹೊಸದಾಗಿ ಕೊಬ್ಬು ಕೆಡದಿರಲು ಮೊದಲೇ ಸ್ವಲ್ಪ ಬಿಎಚ್‌ಟಿ ಎಂಬ, ಕೊಬ್ಬು ಕೆಡದಂತೆ ಕಾಯುವ ವಸ್ತು ಹಾಕಿರಬೇಕು. ತಣಿಸಿ, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 532 ನ್ಯಾನೋಮೀಟರ್‌ಗೆ ಓದಿ. ಪ್ರಮಾಣ ಗೊತ್ತಿರುವ ದ್ರಾವಣಗಳನ್ನೂ ಜೊತೆಗೇ ಕಾಯಿಸಿ ಓದಿಕೊಂಡರೆ ನಿಮ್ಮ ಮಾದರಿಯ ಲೆಕ್ಕ ಸಿಗುತ್ತದೆ. ಸಕ್ಕರೆಯಂಥ ಬೇರೆ ವಸ್ತುಗಳೂ ಈ ಆಮ್ಲದ ಜೊತೆ ಬಣ್ಣ ಕೊಡುತ್ತವೆ, ಅದಕ್ಕೇ ಈ ಒಂದೇ ಅಂಕಿಯನ್ನು ನಂಬಿ ಕೂರಬಾರದು.

ಚುರುಕು ಕಣಗಳನ್ನು ತಡೆಯುವ ಶಕ್ತಿಯನ್ನೂ ಅಳೆಯಿರಿ. 1996ರಲ್ಲಿ ಬಂದ ಫ್ರಾಪ್ ಪರೀಕ್ಷೆಯಲ್ಲಿ ಪ್ಲಾಸ್ಮಾ ಕಬ್ಬಿಣದ ರೂಪ ಬದಲಿಸಿ ನೀಲಿ ಬಣ್ಣ ತರುತ್ತದೆ. ಅದನ್ನು 593 ನ್ಯಾನೋಮೀಟರ್‌ಗೆ ಓದುತ್ತಾರೆ. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಬದಲು ಬಳಸುವ ಇಡಿಟಿಎ ಟ್ಯೂಬ್ ಇದಕ್ಕೆ ಬೇಡ, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹಸು, ಕುದುರೆ, ನಾಯಿಗೂ ಇವೇ ಪರೀಕ್ಷೆಗಳು ನಡೆಯುತ್ತವೆ. ಆದರೆ ಹಸುವಿನ ಅಂಕಿಯನ್ನು ಹಂದಿಯದರ ಪಕ್ಕದಲ್ಲಿಟ್ಟು ತೂಗಬೇಡಿ. ಕರು ಹಾಕುವ ಆಸುಪಾಸಿನ ಹಸುವನ್ನು, ಓಡಿ ಬಂದ ಕುದುರೆಯನ್ನು ಅವುಗಳದೇ ಹಿಂದಿನ ಅಳತೆಯ ಜೊತೆ ಹೋಲಿಸಿ.

ಸೂಜಿಯೇ ಬೇಡ ಅನ್ನುವವರಿಗೆ ನನಗೆ ಬಹಳ ಇಷ್ಟವಾದ ದಾರಿಯೊಂದಿದೆ. ಸ್ಪೇನಿನ ಮುರ್ಸಿಯಾ ವಿಶ್ವವಿದ್ಯಾಲಯದವರು ಹಂದಿಯ ಜೊಲ್ಲಿನಲ್ಲೂ ಇದನ್ನು ಅಳೆದಿದ್ದಾರೆ. ಕೊಟ್ಟಿಗೆಯಲ್ಲಿ ಹತ್ತಿಯ ಹಗ್ಗವೊಂದನ್ನು ಮೂತಿಯ ಎತ್ತರಕ್ಕೆ ಕಟ್ಟಿ ಸುಮ್ನೆ ನಿಂತುಕೊಳ್ಳಿ. ಹಂದಿಗಳು ತಾವಾಗೇ ಬಂದು ಅಗಿಯುತ್ತವೆ. ಒದ್ದೆಯಾದ ತುದಿಯನ್ನು ಹಿಂಡಿದರೆ ಆ ಗುಂಪಿನ ಮಾದರಿ ಕೈಗೆ ಬಂದಂತೆ.