6505 ತಗೊಳ್ಳೋದಾ, ರೆಕ್ಟಿಫೈಯರ್ ತಗೊಳ್ಳೋದಾ? ಎರಡು ಹೈ-ಗೇನ್ ಆಂಪ್‌ಗಳನ್ನು ಹೋಲಿಸುವ ಬಗೆ

ಮೆಟಲ್ ನುಡಿಸುವ ಗಿಟಾರಿಸ್ಟ್‌ಗಳು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಒಂದಿಷ್ಟು ದುಡ್ಡು ಸೇರಿದೆ. ಪೆಡಲ್, ಸಾಫ್ಟ್‌ವೇರ್ ಎಲ್ಲ ಸಾಕಾಗಿದೆ. ನಿಜವಾದ ಟ್ಯೂಬ್ ಆಂಪ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್‌ಗಳಿಂದ ಓಡುವ ಆಂಪ್ಲಿಫೈಯರ್) ಬೇಕು. ಪೀವಿ 6505 ತಗೊಳ್ಳೋದಾ, ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್ ತಗೊಳ್ಳೋದಾ? ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲಾದರೂ ಹೋಗಿ ಸ್ವಲ್ಪ ಹೊತ್ತು ನುಡಿಸಿ ನೋಡಿದರೆ, ಯಾವುದು ಜೋರಾಗಿತ್ತೋ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎಡವುವುದು ಅಲ್ಲೇ.

ಹೋಲಿಸುವುದಕ್ಕೆ ಒಂದು ಕ್ರಮ ಇದೆ. ದೊಡ್ಡ ಸ್ಟುಡಿಯೊ ಏನೂ ಬೇಡ. ಒಂದು ಜ್ಯಾಮ್ ರೂಮ್ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆ), ಒಂದು ಕ್ಯಾಬ್ (ಸ್ಪೀಕರ್ ಪೆಟ್ಟಿಗೆ), ಒಬ್ಬ ಗೆಳೆಯ, ಅರ್ಧ ದಿನದ ಬಿಡುವು ಇದ್ದರೆ ಆಯಿತು.

ಮೊದಲು ಎರಡರ ಪರಿಚಯ

ಎರಡೂ ಅಮೆರಿಕದವು, ಎರಡೂ 90ರ ದಶಕದ ಆರಂಭದಲ್ಲಿ ಬಂದವು. ಪೀವಿ ಕಂಪನಿ ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಊರಿನದು. 1992ರಲ್ಲಿ ಹೆಸರಾಂತ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ 5150 ಅನ್ನುವ ಆಂಪ್ ತಂದಿತು. 2004ರಲ್ಲಿ ಇಬ್ಬರೂ ಬೇರೆಯಾದರು. 5150 ಹೆಸರು ವ್ಯಾನ್ ಹೇಲನ್ ಪಾಲಿಗೆ ಹೋಯಿತು. ಪೀವಿ ಅದೇ ಆಂಪ್‌ಗೆ 6505 ಅಂತ ಹೊಸ ಹೆಸರಿಟ್ಟಿತು. 1965ರಲ್ಲಿ ಶುರುವಾದ ಕಂಪನಿಗೆ 2005ಕ್ಕೆ 40 ವರ್ಷ, ಅದೇ ಆ ಸಂಖ್ಯೆಯ ಗುಟ್ಟು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ ಪೀವಿ 5150 ಸಿಕ್ಕರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಹಳೆಯ ಹೆಸರಿಗೆ ಅಂತ ಜಾಸ್ತಿ ದುಡ್ಡು ಕೇಳಿದರೆ ಮಾತ್ರ ಕೊಡಬೇಡಿ.

ರೆಕ್ಟಿಫೈಯರ್ ಮಾಡುವ ಮೆಸಾ, ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ರಾಂಡಲ್ ಸ್ಮಿತ್ ಬೆಳೆಸಿದ ಕಂಪನಿ. 2021ರಲ್ಲಿ ಅದನ್ನು ಗಿಬ್ಸನ್ ಕೊಂಡುಕೊಂಡಿತು.

ಕಾಗದದ ಮೇಲೆ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಸ್ಪೀಕರ್ ಓಡಿಸುವ ಪವರ್ ವಿಭಾಗಕ್ಕೆ ನಾಲ್ಕು 6ಎಲ್6 ಟ್ಯೂಬ್, ಅದಕ್ಕೂ ಮುಂಚೆ ಟೋನ್ ರೂಪಿಸುವ ಪ್ರೀಆಂಪ್‌ಗೆ ಐದು 12ಎಎಕ್ಸ್7 ಟ್ಯೂಬ್. ಪೀವಿ 120 ವ್ಯಾಟ್, ಮೆಸಾ 100 ವ್ಯಾಟ್. ಈ 20 ವ್ಯಾಟ್ ಅಂತರ ಕಿವಿಗೆ ಒಂದು ಡೆಸಿಬಲ್ ಕೂಡ ಆಗುವುದಿಲ್ಲ, ಅದನ್ನು ಮರೆತುಬಿಡಿ. ಪ್ರೀಆಂಪ್ ಸರ್ಕ್ಯೂಟ್ ಕೂಡ ಒಂದೇ ಮನೆತನದ್ದು. ಎರಡರ ಮೇಲೂ 80ರ ದಶಕದ ಸೊಲ್ಡಾನೊ ಎಸ್‌ಎಲ್‌ಒ-100 ಆಂಪ್‌ನ ನೆರಳು ದಟ್ಟವಾಗಿದೆ.

ಬೇರೆಯಾಗುವುದು ಮುಖ್ಯವಾಗಿ ಪವರ್ ವಿಭಾಗದಲ್ಲಿ. ರೆಕ್ಟಿಫೈಯರ್‌ನ ಮಾಡರ್ನ್ ಮೋಡ್‌ಗೆ ಹೋದರೆ ನೆಗೆಟಿವ್ ಫೀಡ್‌ಬ್ಯಾಕ್ ಕಡಿದುಹೋಗುತ್ತದೆ. ಅಂದರೆ, ಸ್ಪೀಕರ್ ಹೇಗೆ ಅಲುಗಾಡಬೇಕು ಅಂತ ಹದ್ದುಬಸ್ತಿನಲ್ಲಿ ಇಡುವ ಸರ್ಕ್ಯೂಟ್ ಇಲ್ಲವಾಗುತ್ತದೆ. ಬಾಸ್ ಸಡಿಲವಾಗಿ, ಅಗಲವಾಗಿ ಬರುತ್ತದೆ. ಮೇಲಿನ ಟ್ರೆಬಲ್ ಒರಟಾಗುತ್ತದೆ. ಪೀವಿಯಲ್ಲಿ ಆ ಫೀಡ್‌ಬ್ಯಾಕ್ ಯಾವಾಗಲೂ ಇರುತ್ತದೆ. ಸ್ಪೀಕರ್‌ನ ಕೆಳಗಿನ ಗುಮ್ಮು ಎಷ್ಟು ಬೇಕು ಅನ್ನುವುದಕ್ಕೆ ರೆಸೊನೆನ್ಸ್ ಅಂತ ಬೇರೆ ನಾಬೇ ಇದೆ. ಪಾಮ್ ಮ್ಯೂಟ್ ಮಾಡಿದಾಗ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸಿದಾಗ) ಪೀವಿ ಬಿಗಿಯಾಗಿ ಗುದ್ದಿದ ಹಾಗೆ, ಮೆಸಾ ಗೋಡೆಯೇ ಮುಂದಕ್ಕೆ ಬಂದ ಹಾಗೆ ಕೇಳಿಸುವುದಕ್ಕೆ ದೊಡ್ಡ ಕಾರಣ ಇದೇ.

ಮೆಸಾದ ಹೆಸರಿಗೆ ಕಾರಣವಾದ ಇನ್ನೊಂದು ಸೌಕರ್ಯವೂ ಇದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೆಲಸಕ್ಕೆ 5ಯು4 ಟ್ಯೂಬ್ ಬೇಕೋ, ಸಿಲಿಕಾನ್ ಡಯೋಡ್ ಬೇಕೋ ಅಂತ ಸ್ವಿಚ್‌ನಲ್ಲಿ ಆರಿಸಬಹುದು. ಟ್ಯೂಬ್‌ನಲ್ಲಿ ಜೋರಾಗಿ ಕಾರ್ಡ್ ಹೊಡೆದರೆ ವೋಲ್ಟೇಜ್ ಕುಗ್ಗಿ ಮೆಲ್ಲಗೆ ಮೇಲೇಳುತ್ತದೆ, ಬೆರಳಿಗೆ ಮೆತ್ತಗೆ ಅನ್ನಿಸುತ್ತದೆ. ಆದರೆ ಇದು ಗೊತ್ತಾಗುವುದು ಆಂಪ್ ಚೆನ್ನಾಗಿ ಜೋರಾಗಿ ಓಡುತ್ತಿರುವಾಗ ಮಾತ್ರ. ಸಣ್ಣ ವಾಲ್ಯೂಮ್‌ನಲ್ಲಿ ಆ ಸ್ವಿಚ್ ಆಕಡೆ ಈಕಡೆ ಹಾಕಿ ‘ಅಬ್ಬಾ ಎಷ್ಟು ವ್ಯತ್ಯಾಸ’ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ವೇಗದ ಮೆಟಲ್‌ಗೆ ಡಯೋಡ್‌ನಲ್ಲೇ ಇಟ್ಟು ಹೋಲಿಸಿ. ಪೀವಿಯಲ್ಲಿ ಇರುವುದೂ ಡಯೋಡೇ.

ಹೆಜ್ಜೆ 1: ಒಂದೇ ಗಿಟಾರ್, ಒಂದೇ ಕ್ಯಾಬ್

ಒಂದು ಆಂಪ್ ಅದರದೇ ಕಂಪನಿಯ ಕ್ಯಾಬ್ ಮೇಲೆ, ಇನ್ನೊಂದು ಮೂಲೆಯಲ್ಲಿರುವ ಬೇರೆ ಕ್ಯಾಬ್ ಮೇಲೆ. ಹೀಗೆ ಕೇಳಿ ತೀರ್ಮಾನಿಸುವುದು, ಎರಡು ಕಾಫಿಪುಡಿ ಹೋಲಿಸುವಾಗ ಒಂದಕ್ಕೆ ಗಟ್ಟಿ ಹಾಲು, ಇನ್ನೊಂದಕ್ಕೆ ನೀರು ಹಾಲು ಹಾಕಿದ ಹಾಗೆ. ಎಷ್ಟೋ ಸಲ ನಿಮಗೆ ಇಷ್ಟವಾದದ್ದು ಆಂಪ್ ಅಲ್ಲ, ಸ್ಪೀಕರ್. ನೀವು ಮುಂದೆ ಬಳಸುವ ಕ್ಯಾಬ್ ಯಾವುದೋ ಅದರ ಮೇಲೇ ಎರಡನ್ನೂ ಕೇಳಿ. ಅದಿನ್ನೂ ಗೊತ್ತಿಲ್ಲದಿದ್ದರೆ ಸೆಲೆಶನ್ ವಿಂಟೇಜ್ 30 ಸ್ಪೀಕರ್ ಇರುವ 4x12 ಕ್ಯಾಬ್ (12 ಇಂಚಿನ ನಾಲ್ಕು ಸ್ಪೀಕರ್ ಇರುವುದು) ಸಾಕು.

ಇಲ್ಲಿ ಒಂದು ಎಚ್ಚರಿಕೆ. ಟ್ಯೂಬ್ ಆಂಪ್ ಅನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಂದು ಹೆಡ್‌ನಿಂದ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆಗೆ ಹೀಗನ್ನುತ್ತಾರೆ) ಇನ್ನೊಂದಕ್ಕೆ ಸ್ಪೀಕರ್ ಕೇಬಲ್ ಬದಲಿಸುವ ಮುಂಚೆ ಎರಡನ್ನೂ ಸ್ಟ್ಯಾಂಡ್‌ಬೈಗೆ ಹಾಕಿ. ಎರಡು ಹೆಡ್ ಒಟ್ಟಿಗೆ ಒಂದೇ ಕ್ಯಾಬ್‌ಗೆ ಸಿಕ್ಕಿಸುವ ಸಾಹಸ ಬೇಡವೇ ಬೇಡ. ಕ್ಯಾಬ್ 8 ಓಮ್ ಇದ್ದರೆ ಆಂಪ್ ಕೂಡ 8 ಓಮ್‌ನಲ್ಲಿರಬೇಕು. ಗಿಟಾರ್ ಕೇಬಲ್ ಅನ್ನು ಸ್ಪೀಕರ್ ಕೇಬಲ್ ಮಾಡಬೇಡಿ.

ಹೆಜ್ಜೆ 2: ಸದ್ದು ಸಮ ಮಾಡಿ

ಇಡೀ ಹೋಲಿಕೆಯಲ್ಲಿ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಕಿವಿಗೆ ಒಂದು ಚಾಳಿ ಇದೆ. ಸದ್ದು ಕಡಿಮೆ ಇದ್ದಾಗ ಬಾಸ್ ಮತ್ತು ಟ್ರೆಬಲ್ ಎರಡೂ ಮಂಕಾಗಿ ಕೇಳಿಸುತ್ತವೆ, ಸದ್ದು ಏರಿದ ಹಾಗೆ ಎರಡೂ ತುಂಬಿಕೊಳ್ಳುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗ್ರಾಫ್ ಬರೆದಿಟ್ಟಿದ್ದಾರೆ. ಹಾಗಾಗಿ ಎರಡು ಆಂಪ್‌ಗಳಲ್ಲಿ ಒಂದು ಎರಡೇ ಡೆಸಿಬಲ್ ಜೋರಿದ್ದರೂ ಸಾಕು, ‘ಇದು ಜೋರಾಗಿದೆ’ ಅನ್ನಿಸುವುದಿಲ್ಲ, ‘ಇದು ತುಂಬಿಕೊಂಡಿದೆ, ಇದರಲ್ಲಿ ಜೀವ ಇದೆ’ ಅನ್ನಿಸುತ್ತದೆ.

ಸಮ ಮಾಡುವುದು ಕಷ್ಟವೇನಲ್ಲ. ಫೋನಿನಲ್ಲಿ ಯಾವುದಾದರೂ ಡೆಸಿಬಲ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಕ್ಯಾಬ್‌ನಿಂದ ಎರಡು ಮೀಟರ್ ದೂರದಲ್ಲಿ, ನಿಮ್ಮ ಕಿವಿಯ ಎತ್ತರಕ್ಕೆ, ಒಂದು ಮೈಕ್ ಸ್ಟ್ಯಾಂಡ್‌ಗೆ ಫೋನ್ ಕಟ್ಟಿ. ಒಂದು ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಗಿಟಾರ್ ತುಣುಕು) ಆರಿಸಿಕೊಂಡು ಅರ್ಧ ನಿಮಿಷ ಒಂದೇ ಸಮನೆ ನುಡಿಸಿ. ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್ ಇದ್ದರೆ ಗಿಟಾರ್ ಆದ ಕೂಡಲೇ ಅದನ್ನಿಟ್ಟು ರಿಫ್ ತುಂಬಿಸಿಬಿಡಿ, ಆಗ ಕೈಯ ಏರುಪೇರು ಇರುವುದಿಲ್ಲ. ಕ್ಷಣಕ್ಷಣಕ್ಕೆ ಕುಣಿಯುವ ಅಂಕಿ ಬೇಡ, ಸರಾಸರಿ ನೋಡಿ. 90 ಡೆಸಿಬಲ್ ಆಸುಪಾಸು ಸಾಕು, ಅದಕ್ಕಿಂತ ತುಂಬಾ ಏರಿಸಿದರೆ ಫೋನಿನ ಮೈಕ್ ತಡೆಯುವುದಿಲ್ಲ. ಮೊದಲ ಆಂಪ್‌ನ ಅಂಕಿ ಬರೆದಿಟ್ಟುಕೊಂಡು, ಎರಡನೆಯದರ ಮಾಸ್ಟರ್ ನಾಬ್ ಅನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅದೇ ಅಂಕಿಗೆ ತನ್ನಿ. ಈ 100 ವ್ಯಾಟ್ ಹೆಡ್‌ಗಳಲ್ಲಿ ಮಾಸ್ಟರ್ ನಾಬ್ ಶುರುವಿನಲ್ಲೇ ತಟ್ಟನೆ ಜಿಗಿಯುತ್ತದೆ, ತಾಳ್ಮೆ ಬೇಕು. ಫೋನ್ ತೋರಿಸುವ ಅಂಕಿ ನಿಖರ ಇರಲಿಕ್ಕಿಲ್ಲ, ಪರವಾಗಿಲ್ಲ. ತಪ್ಪಿದರೆ ಎರಡಕ್ಕೂ ಒಂದೇ ಥರ ತಪ್ಪುತ್ತದೆ ಅಲ್ವಾ?

ಟೋನ್ ನಾಬ್ ಮುಟ್ಟಿದ ಪ್ರತಿ ಸಲವೂ ಇದನ್ನು ಮತ್ತೆ ಮಾಡಬೇಕು. ಬೇಜಾರಿನ ಕೆಲಸ, ಆದರೆ ದಾರಿಯಿಲ್ಲ. ಮೂರು ಚಾನೆಲ್‌ನ ರೆಕ್ಟಿಫೈಯರ್ ಆದರೆ ಹಿಂಭಾಗದ ಎಫೆಕ್ಟ್ ಲೂಪ್ (ಹೊರಗಿನ ಎಫೆಕ್ಟ್‌ಗಳನ್ನು ಸೇರಿಸುವ ಸರ್ಕ್ಯೂಟ್) ಸ್ವಿಚ್ ನೋಡಿಕೊಳ್ಳಿ. ಲೂಪ್ ಬೈಪಾಸ್ ಆಗಿದ್ದರೆ ಔಟ್‌ಪುಟ್ ನಾಬ್ ಕೆಲಸವೇ ಮಾಡುವುದಿಲ್ಲ, ಸುಮ್ನೆ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಹೆಜ್ಜೆ 3: ನಾಬ್‌ಗಳನ್ನು ಕಿವಿಯಿಂದ ಇಡಿ

ನ್ಯಾಯವಾಗಿ ಹೋಲಿಸಬೇಕು ಅಂತ ಎಲ್ಲ ನಾಬ್‌ಗಳನ್ನೂ ನಡುವಿಗೆ ಇಡುವವರಿದ್ದಾರೆ. ಅದು ನ್ಯಾಯ ಅಲ್ಲ. ಎರಡರ ಸರ್ಕ್ಯೂಟ್ ಬೇರೆ, ನಡು ಅನ್ನುವುದಕ್ಕೆ ಎರಡರಲ್ಲೂ ಒಂದೇ ಅರ್ಥ ಇಲ್ಲ. ಪ್ರತಿಯೊಂದನ್ನೂ ಅದರ ಅತ್ಯುತ್ತಮ ಸದ್ದಿಗೆ ತಂದು, ಆಮೇಲೆ ಅವೆರಡನ್ನು ಹೋಲಿಸಿ.

6505ರಲ್ಲಿ ಗೇನ್, ಅಂದರೆ ಡಿಸ್ಟಾರ್ಷನ್ ಏರಿಸುವ ಬಲ, ಬೇಕಾದ್ದಕ್ಕಿಂತ ಜಾಸ್ತಿ ಇದೆ. ಲೀಡ್ ಚಾನೆಲ್‌ನಲ್ಲಿ ಪ್ರೀ ಗೇನ್ 4ರಿಂದ ಶುರು ಮಾಡಿ, ಬಹಳ ಜನ ಅಲ್ಲೇ ನಿಲ್ಲುತ್ತಾರೆ. ಮಿಡ್ ಪೂರ್ತಿ ಇಳಿಸುವ ಆಸೆ ಬಂದರೆ ತಡೆದುಕೊಳ್ಳಿ. ರೆಕ್ಟಿಫೈಯರ್‌ನಲ್ಲಿ ಗೇನ್ ಗಡಿಯಾರದ 12ರ ಜಾಗದಲ್ಲಿ, ಬಾಸ್ 10ರಲ್ಲಿ, ಪ್ರೆಸೆನ್ಸ್ 9ರ ಹತ್ತಿರ, ಮಿಡ್ 1ರಲ್ಲಿ ಇಟ್ಟು ನೋಡಿ. ಟ್ರೆಬಲ್ ನಾಬ್ ಬಹಳ ಪ್ರಬಲ. ಅದನ್ನು ಜಾಸ್ತಿ ಏರಿಸಿದರೆ ಬಾಸ್, ಮಿಡ್ ನಾಬ್‌ಗಳು ಕೆಲಸ ಮಾಡುವುದೇ ಕಡಿಮೆಯಾಗುತ್ತದೆ.

ಒಂದು ಓವರ್‌ಡ್ರೈವ್ ಪೆಡಲ್ ಕೂಡ ತಗೊಂಡು ಹೋಗಿ. ಐಬನೆಜ್ ಟ್ಯೂಬ್ ಸ್ಕ್ರೀಮರ್ ಥರದ್ದು. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಈ ಪೆಡಲ್ ಬಾಸ್ ಅನ್ನು ಆಂಪ್ ಒಳಗೆ ಹೋಗುವ ಮುಂಚೆಯೇ ಕತ್ತರಿಸುತ್ತದೆ. ಆಂಪ್‌ನ ಬಾಸ್ ನಾಬ್ ಇರುವುದು ಡಿಸ್ಟಾರ್ಷನ್ ಆದ ಮೇಲೆ, ಹಾಗಾಗಿ ಅದನ್ನು ಇಳಿಸಿದರೂ ಒಳಗಿನ ಕಲಸುಮೇಲೋಗರ ಹೋಗುವುದಿಲ್ಲ. ಪೆಡಲ್ ಹಾಕಿದ ಕೂಡಲೇ ರೆಕ್ಟಿಫೈಯರ್ ಎಷ್ಟು ಬಿಗಿಯಾಗುತ್ತದೆ ಅಂದರೆ, ಅದಿಲ್ಲದೆ ಕೇಳಿ ಬೇಡ ಅಂದವರು ಮನಸ್ಸು ಬದಲಿಸಿದ್ದುಂಟು.

ಹೆಜ್ಜೆ 4: ಏನು ನುಡಿಸಬೇಕು

ಸೋಲೊ ಬೇಡ. ಬೆರಳು ಓಡಿಸುವ ಉತ್ಸಾಹದಲ್ಲಿ ಆಂಪ್ ಕೇಳಿಸುವುದಿಲ್ಲ. ದಪ್ಪ ತಂತಿಯ ಮೇಲೆ ವೇಗದ ಪಾಮ್ ಮ್ಯೂಟ್ ನುಡಿಸಿ, ಪ್ರತಿ ಏಟೂ ಬಿಡಿಬಿಡಿಯಾಗಿ ಕೇಳಿಸುತ್ತದಾ ನೋಡಿ. ಗೇನ್ ಹಾಗೇ ಇಟ್ಟು ಪೂರ್ತಿ ಮೈನರ್ ಕಾರ್ಡ್ ಹೊಡೆದು, ಅದರ ಒಂದೊಂದು ಸ್ವರವೂ ಗೊತ್ತಾಗುತ್ತದಾ ಕೇಳಿ. ರಿಫ್ ನುಡಿಸಿ ಥಟ್ಟನೆ ನಿಲ್ಲಿಸಿ, ಎಷ್ಟು ಶಿಳ್ಳೆ, ಎಷ್ಟು ಗುಂಯ್ ಉಳಿಯುತ್ತದೆ ಗಮನಿಸಿ. 6505 ಈ ವಿಷಯದಲ್ಲಿ ಗಲಾಟೆಯ ಆಂಪ್, ನುಡಿಸದಿದ್ದಾಗ ಆ ಸದ್ದು ತಡೆಯುವ ನಾಯ್ಸ್ ಗೇಟ್‌ಗೂ ದುಡ್ಡು ತೆಗೆದಿಡಿ. ಕೊನೆಗೆ ಕ್ಲೀನ್ ಚಾನೆಲ್. ಮೂರು ಚಾನೆಲ್‌ನ ರೆಕ್ಟಿಫೈಯರ್ ಇಲ್ಲಿ ಸುಲಭವಾಗಿ ಗೆಲ್ಲುತ್ತದೆ. ಸಾಮಾನ್ಯ 6505ರಲ್ಲಿ ಎರಡೂ ಚಾನೆಲ್‌ಗೆ ಒಂದೇ ಇಕ್ಯೂ (ಬಾಸ್, ಮಿಡ್, ಟ್ರೆಬಲ್ ನಾಬ್‌ಗಳು), ಲೀಡ್‌ಗೆ ಹದ ಮಾಡಿದ್ದು ಕ್ಲೀನ್‌ಗೆ ಹೊಂದುವುದಿಲ್ಲ. ಪ್ಲಸ್ ಮಾಡೆಲ್‌ನಲ್ಲಿ ಬೇರೆ ಬೇರೆ ಇದೆ.

ಸಾಧ್ಯವಾದರೆ ರೆಕಾರ್ಡ್ ಮಾಡಿ. ಎಸ್‌ಎಂ57 ಮೈಕ್ ಒಂದನ್ನು ಸ್ಪೀಕರ್ ಮುಂದಿಟ್ಟು, ನೆಲದ ಮೇಲೆ ಟೇಪ್ ಅಂಟಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಅರ್ಧ ಇಂಚು ಸರಿದರೂ ಟೋನ್ ಬೇರೆ. ಮನೆಗೆ ಬಂದು ಗೆಳೆಯನಿಗೆ ಫೈಲ್ ಹೆಸರು ಬದಲಿಸಲು ಹೇಳಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ಕೇಳಿ.

ಹೆಜ್ಜೆ 5: ಬ್ಯಾಂಡ್ ಜೊತೆ ಕೇಳಿ

ಒಬ್ಬರೇ ನುಡಿಸಿದಾಗ ರೆಕ್ಟಿಫೈಯರ್ ರಾಜನಂತೆ ಕೇಳಿಸುತ್ತದೆ. ಡ್ರಮ್ಸ್ ಮತ್ತು ಬಾಸ್ ಗಿಟಾರ್ ಸೇರಿದ ಮೇಲೆ ಕಥೆ ಬದಲಾಗಬಹುದು. ಗಿಟಾರ್‌ನ ದಪ್ಪ ಇ ತಂತಿ 82 ಹರ್ಟ್ಸ್, ಬಾಸ್ ಗಿಟಾರ್‌ನದು 41. ಬಾಸ್ ಗಿಟಾರ್‌ನ ಮೇಲಿನ ಸ್ವರಗಳು, ಕಿಕ್ ಡ್ರಮ್, ನಿಮ್ಮ ಗಿಟಾರ್‌ನ ಕೆಳಭಾಗ ಎಲ್ಲವೂ ಒಂದೇ ಜಾಗಕ್ಕೆ ಜಗಳ ಆಡುತ್ತವೆ. ಅಗಲವಾದ ಬಾಸ್ ಇರುವ ಆಂಪ್ ಅಲ್ಲಿ ಮುಳುಗಿಹೋಗುತ್ತದೆ. ಮಿಡ್ ಮುಂದಿರುವ 6505 ಮೇಲೆದ್ದು ಬರುತ್ತದೆ. ಆದರೆ ನಿಮ್ಮದು ಒಂದೇ ಗಿಟಾರ್‌ನ, ನಿಧಾನಗತಿಯ, ಕೆಳಗೆ ಟ್ಯೂನ್ ಮಾಡಿದ ಬ್ಯಾಂಡ್ ಆಗಿದ್ದರೆ ಆ ಅಗಲವೇ ಬೇಕಾದದ್ದು. ಇನ್ನೊಬ್ಬ ಗಿಟಾರಿಸ್ಟ್ ಈಗಾಗಲೇ 6505 ಇಟ್ಟುಕೊಂಡಿದ್ದರೆ ನೀವು ಮೆಸಾ ತಗೊಳ್ಳುವುದು ಜಾಣತನ, ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರ ತಲೆಯಲ್ಲಿ ಒಂದು ಸದ್ದು ಕೂತಿರುತ್ತದೆ. ಅದು ಮಿಕ್ಸರ್, ದೊಡ್ಡ ಪಿಎ (ಮೈದಾನದ ಸ್ಪೀಕರ್ ವ್ಯವಸ್ಥೆ) ಎಲ್ಲ ದಾಟಿ ಬಂದದ್ದು. ಅದನ್ನು ಜ್ಯಾಮ್ ರೂಮ್‌ನಲ್ಲಿ ಹುಡುಕಬೇಡಿ.

ಬ್ಯಾಂಡೇ ಇಲ್ಲ, ಅಪಾರ್ಟ್‌ಮೆಂಟ್‌ನಲ್ಲೇ ನುಡಿಸುವುದು ಅನ್ನುವವರಿಗೆ ಎರಡೂ ಬೇಡ. ಪೀವಿ 6505 ಎಂಎಚ್, ಮೆಸಾದ ಮಿನಿ ರೆಕ್ಟಿಫೈಯರ್ ಅಂತ 20–25 ವ್ಯಾಟ್‌ನ ಸಣ್ಣ ಹೆಡ್‌ಗಳಿವೆ. ಅವೂ ಪಕ್ಕದ ಮನೆಯವರನ್ನು ಎಬ್ಬಿಸುವಷ್ಟು ಜೋರೇ.

ಹೆಜ್ಜೆ 6: ಹಿಂಭಾಗ ಓದಿ, ಆಮೇಲೆ ದುಡ್ಡು ಕೊಡಿ

ಅಮೆರಿಕದಿಂದ ಯಾರೋ ತಂದ ಆಂಪ್ ಆದರೆ ಹಿಂಭಾಗದಲ್ಲಿ 120 ವೋಲ್ಟ್ ಅಂತ ಬರೆದಿರುತ್ತದೆ. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಿದರೆ ಹೋಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 750 ವಿಎಗೆ ಕಡಿಮೆ ಬೇಡ. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಹಾಗಾಗಿ ಆಂಪ್‌ನ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. 230 ವೋಲ್ಟ್‌ನ ಮಾಡೆಲ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಜ್ಯಾಮ್ ರೂಮ್‌ನಲ್ಲಿ ಅರ್ಥಿಂಗ್ ಸರಿಯಿದೆಯಾ ಅಂತಲೂ ನೋಡಿ.

ಹೊಸ ಟ್ಯೂಬ್‌ಗಳ ಖರ್ಚೂ ಸೇರಿಸಿ. ನಾಲ್ಕು 6ಎಲ್6 ಹಾಕುವಾಗ ಒಂದಕ್ಕೊಂದು ಮ್ಯಾಚ್ ಆದ ಸೆಟ್ ಬೇಕು. ಮೆಸಾ ಅಂತೂ ತನ್ನದೇ ಬಣ್ಣದ ಗುರುತು ಹಾಕಿದ ಟ್ಯೂಬ್ ಬಳಸಿ ಅನ್ನುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಅರ್ಧ ಗಂಟೆ ಜೋರಾಗಿ ಓಡಿಸಿ. ಕತ್ತಲು ಮಾಡಿ ಹಿಂದಿನ ಜಾಲರಿಯೊಳಗೆ ಇಣುಕಿ. ಟ್ಯೂಬ್ ಒಳಗೆ ನಡುವಿನ ಫಿಲಮೆಂಟ್ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸರಿ. ಹೊರಗಿನ ಬೂದು ಲೋಹದ ತಗಡೇ ಕೆಂಪಾಗಿದ್ದರೆ ಬೇಡ. ಗಿಟಾರ್ ಜ್ಯಾಕ್ ಅನ್ನು ಮೆಲ್ಲಗೆ ಅಲ್ಲಾಡಿಸಿ, ಹಳೆಯ ಪೀವಿಗಳಲ್ಲಿ ಇನ್‌ಪುಟ್ ಜ್ಯಾಕ್‌ನ ಬೆಸುಗೆ ಬಿರುಕು ಬಿಡುವುದುಂಟು. ಒಳಗೆ ಬಿಚ್ಚಿ ನೋಡಬೇಕು ಅನ್ನಿಸಿದರೆ ಟೆಕ್ನಿಶಿಯನ್ ಹತ್ತಿರ ಬಿಚ್ಚಿಸಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಕೂತಿರಬಹುದು.

ಎಲ್ಲ ಮುಗಿದ ಮೇಲೂ ಎರಡೂ ಸಮ ಅನ್ನಿಸಿದರೆ, ಅಗ್ಗವಾದದ್ದನ್ನು ತಗೊಳ್ಳಿ. ಸಾಮಾನ್ಯವಾಗಿ ಅದು 6505 ಆಗಿರುತ್ತದೆ. ಉಳಿದ ದುಡ್ಡು ಒಳ್ಳೆಯ ಕ್ಯಾಬ್‌ಗೆ ಹಾಕಿ.